ಕಲ್ಲೂರಿನ ಗಾಲಿಮನೆಯನ್ನು ನಾನು ಪರೀಕ್ಷಿಸಿದ್ದು

ಹಳೆಯ ಗಾಡಿ ಕೊಳ್ಳುವವರು ಸಾಮಾನ್ಯವಾಗಿ ಮೋಸ ಹೋಗುತ್ತಾರೆ. ಕಾರಣ, ಅವರು ಓದಿಕೊಂಡು ಹೋಗುವುದಿಲ್ಲ. ನಾನು ಓದಿಕೊಂಡು ಹೋದೆ. ದೇವದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪರೀಕ್ಷೆ ಎಂದರೆ ಹೆದರುವುದು ನನ್ನ ಎದುರಿಗೆ ಕೂತವರ ಕೆಲಸ, ನನ್ನದಲ್ಲ. ಫೋರ್ ವೀಲ್ ಡ್ರೈವ್ ಲಾರಿಯ ಮೇಲೆ ಕಟ್ಟಿದ ಹಳೆಯ ಕ್ಯಾಂಪರ್ ಕೊಳ್ಳುವ ಮೊದಲು ಏನೇನು ನೋಡಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದೆ. ರಾಯಚೂರು ಜಿಲ್ಲೆಯಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ಹೆಮ್ಮೆಪಟ್ಟಿದ್ದೆ. ಅದು ನಿಜವೂ ಇರಬಹುದು. ಬೇರೆ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ.

ನನಗೆ ಬಿತ್ತು. ಯಾಕೆಂದರೆ ನನ್ನ ಹೆಂಡತಿ ಸುಶೀಲಾ ಮಡಿಯವಳು. ತಾನು ಮಡಿಯಲ್ಲಿ ಮಾಡಿದ ಅಡುಗೆ ಬಿಟ್ಟು ಹೊರಗಿನ ಒಂದು ಅಗುಳನ್ನೂ ಮುಟ್ಟುವುದಿಲ್ಲ. ಹೀಗಾಗಿ ಅವಳ ಭೂಗೋಳ ಬಹಳ ಸಣ್ಣದು: ಬೆಳಿಗ್ಗೆ ಉಂಡು ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದಾದಷ್ಟು. ಬದರಿ ನೋಡಬೇಕೆಂಬ ಆಸೆ ಮದುವೆಯಾದಾಗಿನಿಂದ ಇತ್ತು. ನಾನು ಮುಂದೂಡುತ್ತಲೇ ಬಂದೆ. ಈಚೆಗೆ ಮೊಣಕಾಲು ನೋವು ಶುರುವಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳುತ್ತಿದ್ದಾಗ ಆಗದಿದ್ದ ಸಂಕಟ, ಕೇಳುವುದು ನಿಂತ ಮೇಲೆ ನನಗೆ ಶುರುವಾಯಿತು. ಆಗಲೇ ಕಲ್ಲೂರಿನಲ್ಲಿ ಗಾಡಿಯೊಂದು ಮಾರಾಟಕ್ಕಿದೆ ಎಂದು ತಿಳಿದದ್ದು. ಹಳೆಯ ಮಿಲಿಟರಿ ಲಾರಿ, ನಾಲ್ಕೂ ಗಾಲಿ ಎಳೆಯುತ್ತವೆ, ಬೆನ್ನ ಮೇಲೆ ಮಂಚ, ಅಡುಗೆಕಟ್ಟೆ, ನೀರಿನ ಟಾಕಿ ಇರುವ ತಗಡಿನ ಮನೆ. ಅಡುಗೆಮನೆಯೇ ಬದರಿಗೆ ಹೊರಟರೆ ಮಡಿ ಕೆಡುವ ಮಾತೇ ಇಲ್ಲವಲ್ಲ! ಸುಶೀಲಾ ಅದಕ್ಕೆ ಗಾಲಿಮನಿ ಎಂದು ಹೆಸರಿಟ್ಟಳು. ಬಹಳ ದಿನಗಳ ಮೇಲೆ ನಕ್ಕಳು.

ಗಾಡಿಯ ಒಡತಿ ಶಾಂತವ್ವ, ಅಕ್ಕಿ ಗಿರಣಿಯ ಮನೆಯವರು. ಗಾಡಿಯನ್ನು ಆಸೆಪಟ್ಟು ಕಟ್ಟಿಸಿದ ಗಂಡ ಬಸವಂತಪ್ಪ ತೀರಿಕೊಂಡು ವರ್ಷವಾಗಿತ್ತು. ಗಿರಣಿಯೂ ಆಗಿನಿಂದ ಮುಚ್ಚಿತ್ತು. ಫೋನಿನಲ್ಲಿ ಆಕೆ ಎಲ್ಲಕ್ಕೂ ಒಪ್ಪಿ, ಒಂದು ಮಾತು ಮಾತ್ರ ಒತ್ತಿ ಹೇಳಿದರು.

"ಮುಂಜಾನಿ ಬರ್ರಿ, ಇಲ್ಲಾಂದ್ರ ಸಂಜಿಕ ಬರ್ರಿ. ಮಟಮಟ ಮಧ್ಯಾಹ್ನ ಅದರ ಹಂತ್ಯಾಕ ಹೋಗಬ್ಯಾಡ್ರಿ."

ಮಾರುವವರು ಯಾವಾಗ ಬರಬೇಡ ಎನ್ನುತ್ತಾರೋ ಆಗಲೇ ಹೋಗಿ ನೋಡಬೇಕು ಎಂದು ವಿಡಿಯೋದವನು ಹೇಳಿದ್ದ. ರಾಯಚೂರಿನ ನಮ್ಮ ಮನೆಯಿಂದ ಬಸ್ಸು ಹಿಡಿದು ನಾನು ಮಧ್ಯಾಹ್ನವೇ ಹೋದೆ. ಸುಶೀಲಾ ಅದೇ ಬಸ್ಸಿನಲ್ಲಿ ಮುಂದೆ ಮಾನ್ವಿಗೆ, ತಂಗಿಯ ಮನೆಗೆ ಹೋದಳು. ಅಲ್ಲಿ ಅವಳು ಅಡುಗೆ ಮುಗಿಸುವಷ್ಟರಲ್ಲಿ ನಾನು ಗಾಡಿ ನೋಡಿಕೊಂಡು ಊಟಕ್ಕೆ ಸೇರುವುದೆಂದು ಮಾತಾಗಿತ್ತು. ಶಾಂತವ್ವನಿಗೆ ಸುದ್ದಿ ಕೊಡಲಿಲ್ಲ. ಕೊಟ್ಟರೆ ಗಾಡಿಯ ಗುಟ್ಟು ಮುಚ್ಚಿಡುತ್ತಾರೆ! ಹೀಗೆ, ನಾನು ಬಂದದ್ದು ಕಲ್ಲೂರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗದಂತೆ ಬಹಳ ಎಚ್ಚರ ವಹಿಸಿದೆ.

ನಮ್ಮ ಸೀಮೆಯ ಬೇಸಿಗೆಯ ಮಧ್ಯಾಹ್ನ ಗೊತ್ತಿಲ್ಲದವರಿಗೆ ಹೇಳುತ್ತೇನೆ: ರಾತ್ರಿಯಾದರೆ ನಾಯಿಯಾದರೂ ಬೊಗಳುತ್ತದೆ. ಮಧ್ಯಾಹ್ನಕ್ಕೆ ಅದೂ ಇಲ್ಲ. ಬೀದಿಯಲ್ಲಿ ಬಾಗಿಲೆಲ್ಲ ಮುಚ್ಚಿದ್ದವು. ನನ್ನ ನೆರಳು ಕೂಡ ಕಾಲಡಿಗೆ ಸರಿದು ಅಡಗಿತ್ತು. ಗಿರಣಿಯ ಹಿಂದೆ ಹೊಟ್ಟಿನ ಬೂದಿಯ ದೊಡ್ಡ ಗುಡ್ಡೆ. ಗಾಳಿ ಎಂಬುದೇ ಇರಲಿಲ್ಲ, ಆದರೂ ಗುಡ್ಡೆಯ ಒಂದು ಬದಿಯಿಂದ ಬೂದಿ ಸಣ್ಣಗೆ ಜಾರುತ್ತಲೇ ಇತ್ತು. ಅದರ ಪಕ್ಕದಲ್ಲಿ ಗಾಡಿ ನಿಂತಿತ್ತು. ಹಿಂಬಾಗಿಲ ಮೆಟ್ಟಿಲ ಮುಂದೆ ಒಂದು ಜೊತೆ ಗಂಡಸಿನ ಚಪ್ಪಲಿ. ಧೂಳಿಲ್ಲ. ಈಗ ಬಿಟ್ಟು ಒಳಗೆ ಹೋದಂತಿತ್ತು.

ಯಾರ್ರೀ ಒಳಗೆ ಎಂದು ಕೂಗಿದೆ. ಉತ್ತರವಿಲ್ಲ. ದೆವ್ವವೆಂಬುದಿಲ್ಲ ಎಂದು ಜೀವಮಾನವೆಲ್ಲ ಪಾಠ ಹೇಳಿದವನು ಚಪ್ಪಲಿಗೆ ಹೆದರುವುದುಂಟೇ? ಮೈತುಂಬ ಧೈರ್ಯ ತಂದುಕೊಂಡು ಪರೀಕ್ಷೆ ಆರಂಭಿಸಿದೆ.

ಮೊದಲು ಅಡಿಭಾಗ. ಚಾಸಿಗೆ ತುಕ್ಕು ಹಿಡಿದಿದೆಯೋ ಎಂದು ನೋಡಲು ಅಂಗಾತ ಮಲಗಿ ಗಾಡಿಯ ಕೆಳಗೆ ತೆವಳಿದೆ. ಮೊಬೈಲಿನ ಟಾರ್ಚು ಹೊತ್ತಿಸಿ ಒಂದು ಕಬ್ಬಿಣದ ಪಟ್ಟಿಯ ಮೇಲೆ ಇಟ್ಟು, ಎರಡೂ ಕೈಯಿಂದ ತಟ್ಟಿ ನೋಡಿದೆ. ಚಾಸಿ ಗಟ್ಟಿಯಾಗಿತ್ತು. ತೆವಳಿ ಹೊರಗೆ ಬಂದಾಗ ತಲೆಯಿಂದ ಪಾದದವರೆಗೆ ಬೂದಿ ಬಳಿದುಕೊಂಡಿದ್ದೆ. ಬಾಯಿ ಮೂಗಿಗೂ ಹೋಗಿ ಗಂಟಲು ಕೂತಿತ್ತು. ಹಣೆಗೆ ದಿನವೂ ಉದ್ದನೆಯ ಅಂಗಾರ ಇಡುವ ವೈಷ್ಣವ ಮನೆತನದವನು ಮೈಯೆಲ್ಲ ವಿಭೂತಿಯಾದದ್ದನ್ನು ಕಂಡು ನನಗೇ ನಗು ಬಂತು. ಮೊಬೈಲು ಕೆಳಗೇ ಉಳಿಯಿತು, ಅದು ನೆನಪಾಗಲಿಲ್ಲ.

ಮುಂದಿನದು ಬೆಳಕಿನ ಪರೀಕ್ಷೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿ ಒಳಗೆ ಕೂತರೆ, ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಮಳೆ ಸೋರುತ್ತದೆ. ಕಿಟಕಿಗಳ ತಗಡಿನ ಮುಚ್ಚಳಗಳನ್ನು ಹೊರಗಿನಿಂದ ನಾನೇ ಒಂದೊಂದಾಗಿ ಹಾಕಿ ಚಿಲಕ ಬಿಗಿದೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಟಕ್ ಎಂದಿತು.

ಸೋರುವ ಜಾಗ ಒಂದೂ ಇರಲಿಲ್ಲ. ಅಂಥ ಕತ್ತಲೆಯನ್ನು ನಾನು ಅಮಾವಾಸ್ಯೆಯಲ್ಲೂ ಕಂಡಿಲ್ಲ. ಗೋಡೆಯ ಹಲಗೆ ಕೊಳೆತಿದೆಯೋ ಎಂದು ಬೆರಳಿನಿಂದ ಬಡಿಯುತ್ತ ಮುಂದೆ ಸರಿದೆ. ಟೊಕ್, ಟೊಕ್. ಕೈಗೆ ನೇತುಹಾಕಿದ ಒಂದು ಅಂಗಿ ಸಿಕ್ಕಿತು. ಆಮೇಲೆ ಒಂದು ಕನ್ನಡಕ. ಆಮೇಲೆ ಒಂದು ತಾಟು, ಅದರ ಮೇಲೆ ಬಟ್ಟೆ. ಬಟ್ಟೆಯ ಕೆಳಗೆ ಜೋಳದ ರೊಟ್ಟಿ. ರೊಟ್ಟಿ ಬಿಸಿಯಾಗಿತ್ತು.

ಸತ್ತವನ ಗಾಡಿಯಲ್ಲಿ ಬಿಸಿ ರೊಟ್ಟಿ! ಹಿಂದೆ ಸರಿದು ಮಂಚದ ಮೇಲೆ ಕೂತೆ. ಹಾಸಿಗೆ ಒಬ್ಬ ಮನುಷ್ಯನ ಅಳತೆಗೆ ತಗ್ಗಾಗಿತ್ತು, ನಾನು ಆ ತಗ್ಗಿಗೇ ಜಾರಿದೆ. ಆಗ ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟರು. ಉದ್ದನೆಯ, ದಣಿದ ಉಸಿರು. ನಾನು ಉಸಿರು ಹಿಡಿದೆ. ಅದು ಹಿಡಿಯಲಿಲ್ಲ.

ಅದು ಗಾಳಿ ತುಂಬುವ ಹಾಸಿಗೆಯೆಂದೂ, ಎಲ್ಲೋ ತೂತಾಗಿದೆಯೆಂದೂ ಈಗ ಬಲ್ಲೆ. ಆಗ ಭೌತಶಾಸ್ತ್ರ ನನ್ನ ಜೊತೆಗಿರಲಿಲ್ಲ. ಬಾಗಿಲಿಗೆ ಓಡಿ ಹಿಡಿಕೆ ತಿರುಗಿಸಿದೆ. ಹಿಡಿಕೆ ತಿರುಗಿತು. ಬಾಗಿಲು ಅಲುಗಲಿಲ್ಲ. ಕಿಟಕಿಗಳನ್ನು ನೂಕಿದೆ. ಬಹಳ ಶ್ರದ್ಧೆಯಿಂದ ಮುಚ್ಚಿದ ಕಿಟಕಿಗಳು! ಬಡಿದೆ, ಕೂಗಿದೆ. ಬೂದಿ ತಿಂದ ಗಂಟಲಿನಿಂದ ಹೊರಟ ದನಿ ತಗಡಿಗೆ ತಾಗಿ ಬೇರೆ ಯಾರದೋ ಆಗಿ ನನಗೇ ವಾಪಸು ಬಂತು. ತಗಡು ಕಾದು ಒಲೆಯಾಗುತ್ತಿತ್ತು. ಹೆದರಿದಾಗ ನನಗೆ ಹಸಿವಾಗುತ್ತದೆ. ಅಲ್ಲಿದ್ದ ನೀರು ಕುಡಿದೆ. ರೊಟ್ಟಿಯನ್ನೂ ತಿಂದೆ. ಯಾರ ಪಾಲಿನದೋ ಎಂದು ಕೇಳಲು ಅಲ್ಲಿ ಯಾರಿದ್ದರು? ಇದ್ದರೋ ಏನೋ, ಬೇಡವೆನ್ನಲಿಲ್ಲ.

ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಬಸವಂತಪ್ಪನವರು ಬದುಕಿದ್ದಾಗ ಮಧ್ಯಾಹ್ನ ಗಾಡಿಯಲ್ಲೇ ಕೂತು ಉಣ್ಣುತ್ತಿದ್ದರಂತೆ. ಅವರು ಹೋದ ಮೇಲೂ ಶಾಂತವ್ವ ದಿನಾ ಆ ಹೊತ್ತಿಗೆ ರೊಟ್ಟಿ, ನೀರು ಇಟ್ಟು, ಚಪ್ಪಲಿ ಒರೆಸಿಟ್ಟು ಹೋಗುತ್ತಿದ್ದರು. ಆ ಹೊತ್ತು ಅವರಿಬ್ಬರದು. ಬರಬೇಡಿ ಎಂದದ್ದು ಅದಕ್ಕೆ. ಅವತ್ತು ತಾಟು ಒಯ್ಯಲು ಬಂದಾಗ ಒಳಗಿನಿಂದ ಟೊಕ್ ಟೊಕ್ ಎಂದೂ, ಆಮೇಲೆ ಗೊಗ್ಗರು ದನಿಯ ಕೂಗೂ ಕೇಳಿಸಿದೆ. ನೆರೆಯ ಹೆಂಗಸರನ್ನು ಕರೆದಿದ್ದಾರೆ. ಅಷ್ಟರಲ್ಲಿ, ಊಟಕ್ಕೆ ಬಾರದ ನನಗಾಗಿ ಸುಶೀಲಾ ಮಾನ್ವಿಯಿಂದ ಫೋನು ಮಾಡತೊಡಗಿದ್ದಾಳೆ. ನನ್ನ ಮೊಬೈಲಿನ ರಿಂಗು ಮಂಗಳಾರತಿಯ ಜಾಗಟೆಯದು. ಸುಡುವ ಮಧ್ಯಾಹ್ನ, ಯಾರೂ ಇಲ್ಲದ ಗಾಡಿಯಡಿಯಿಂದ ಜಾಗಟೆ ಬಾರಿಸಿತು. ನಿಂತಿತು. ಮತ್ತೆ ಬಾರಿಸಿತು. ಒಬ್ಬರೂ ಮುಂದೆ ಬರಲಿಲ್ಲ. ಒಳಗಿರುವವರ ಆಸೆ ಕೇಳದೆ ಬಾಗಿಲು ತೆಗೆಯಬಾರದು ಎಂದು ಹೆಂಗಸರೆಲ್ಲ ಶಾಂತವ್ವನನ್ನು ಹಿಡಿದು ನಿಲ್ಲಿಸಿದ್ದರಂತೆ.

ಎಷ್ಟು ಹೊತ್ತಾಗಿತ್ತೋ ತಿಳಿಯದು. ಇಲ್ಲೇ ಬೆಂದು ಹೋಗುತ್ತೇನೆಂದು ನಿಶ್ಚಯವಾಗಿತ್ತು. ಆಗ ಬಾಗಿಲಿನಾಚೆಯಿಂದ ಒಂದು ಹೆಣ್ಣು ದನಿ ಮೆಲ್ಲಗೆ ಕೇಳಿತು.

"ಏನು ಆಸಿ ಉಳದದ್ರಿ ನಿಮಗ? ಹೇಳ್ರಿ."

ನಾನು ಇಂಥವನು, ರಾಯಚೂರಿನವನು ಎಂದು ಹೇಳಬೇಕಿತ್ತು. ಬುದ್ಧಿ ಇದ್ದವನು ಹೇಳುತ್ತಿದ್ದ. ಆದರೆ ಸಾಯುವ ಹೊತ್ತಿನಲ್ಲಿ ಅಷ್ಟು ಮೆತ್ತಗೆ ಕೇಳಿದರೆ ನಿಜವೇ ಬಾಯಿಗೆ ಬರುತ್ತದೆ.

"ಹೆಂಡತಿಗಿ ಬದರಿ-ಕೇದಾರ ತೋರಸ್ತೀನಿ ಅಂದಿದ್ದೆ," ಎಂದೆ. "ತೋರಸಲಿಲ್ಲ. ಕೇಳಿ ಕೇಳಿ ಆಕಿ ಕೇಳೂದಽ ಬಿಟ್ಟಳು. ಆಕಿನ್ನ ಬಿಟ್ರ ನನಗ ಯಾರಿದ್ದಾರ?"

ಹೊರಗೆ ಒಬ್ಬರು ಬಿಕ್ಕಿ ಅಳುವುದು ಕೇಳಿಸಿತು. ನಾನು ಇಡೀ ಮೈಯಿಂದ ನೂಕಿದರೂ ಜಗ್ಗದ ಬಾಗಿಲು ಶಾಂತವ್ವನ ಬೆರಳು ತಾಗುತ್ತಲೇ ತೆರೆಯಿತು. ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಬೂದಿಯ ಬೊಂಬೆಯಾಗಿ ನಾನು ಮೆಟ್ಟಿಲ ಮೇಲೆ ನಿಂತೆ. ಹೆಂಗಸರು ಚೆಲ್ಲಾಪಿಲ್ಲಿಯಾದರು. ಶಾಂತವ್ವ ಓಡಲಿಲ್ಲ. ಬರಿದಾದ ತಾಟನ್ನು ನೋಡಿದರು. ನನ್ನ ಮುಖ ನೋಡದೆ, ನನ್ನ ಹಿಂದಿನ ಕತ್ತಲೆಗೆ ಹೇಳಿದರು: "ಹೋಗತೀನ್ರಿ. ನಾನಽ ಹೋಗಿ ನೋಡಿಕೊಂಡು ಬರ್ತೀನಿ. ನೀವು ಸಂಕಟ ಪಡಬ್ಯಾಡ್ರಿ."

ಬಸವಂತಪ್ಪ ಈ ಗಾಡಿ ಕಟ್ಟಿಸಿದ್ದೇ ಅವರನ್ನು ಕೇದಾರಕ್ಕೆ ಕರೆದೊಯ್ಯಲೆಂದು. ನನಗದು ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮಾತಾಡಿದವನು ನಾನೇ ಎಂದು ನೆರೆದವರಿಗೆಲ್ಲ ವಿವರಿಸಿದೆ. ಹಾಸಿಗೆಯ ತೂತು, ತಗಡಿನ ಮಾರ್ದನಿ, ಬಿಸಿಗೆ ಹಿಗ್ಗಿದ ಬಾಗಿಲು, ಎಲ್ಲಕ್ಕೂ ಕಾರಣ ಕೊಟ್ಟೆ. ಮೈಮೇಲೆ ಬಂದವರು ಹೀಗೆ ಏನೇನೋ ಮಾತಾಡುತ್ತಾರೆಂದು ನನ್ನ ತಲೆಗೆ ನೀರು ಹೊಯ್ದರು.

ಮಾನ್ವಿಯಿಂದ ಹುಡುಕಿಕೊಂಡು ಬಂದ ಸುಶೀಲಾ ಗುಂಪಿನ ಹಿಂದೆ ನಿಂತಿದ್ದಳು. ಬಾಗಿಲು ತೆರೆಯುವ ಮೊದಲೇ ಬಂದು, ಒಳಗಿನ ಮಾತನ್ನೆಲ್ಲ ಅವಳೂ ಕೇಳಿಸಿಕೊಂಡಿದ್ದಳು. ನೀನಾದರೂ ಹೇಳು, ಅದು ನನ್ನ ದನಿ ಎಂದು, ಅಂತ ಅವಳ ಕೈ ಹಿಡಿದೆ. ಅವಳ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಜೋಡಿ ಇಷ್ಟು ವರ್ಷ ಸಂಸಾರ ಮಾಡೀನಿ," ಎಂದಳು. "ಅಂಥಾ ಮಾತು ನಿಮ್ಮ ಬಾಯಾಗಿಂದ ಎಂದೂ ಬಂದಿಲ್ಲ. ಅದು ನೀವಲ್ಲ ಬಿಡ್ರಿ."

ಅಲ್ಲಿಗೆ ತೀರ್ಪಾಯಿತು. ಶಾಂತವ್ವ ಗಾಡಿ ಮಾರುವುದಿಲ್ಲ ಎಂದರು. ಲಾರಿ ಓಡಿಸುವ ಅವರ ತಮ್ಮ ಬಂದು ಎಂಜಿನ್ ಚಾಲೂ ಮಾಡಿದ. ಬದರಿ-ಕೇದಾರ ಎರಡನ್ನೂ ನೋಡಿ ಬರುವುದೆಂದು ನಿಶ್ಚಯವಾಯಿತು. ಜೊತೆಗೆ ಸುಶೀಲಾ ಬರಬೇಕು, ಅಡುಗೆಕಟ್ಟೆ ಪೂರ್ತಿ ಅವಳ ಸ್ವಾಧೀನ, ಅವಳು ಮಡಿಯಲ್ಲಿ ಮಾಡಿ ಬಡಿಸಿದ್ದನ್ನು ತಾವೆಲ್ಲ ಉಣ್ಣುತ್ತೇವೆ ಎಂದು ಶಾಂತವ್ವ ಅವಳ ಕೈ ಹಿಡಿದು ಕೇಳಿಕೊಂಡರು. ನಾನೂ ಉಣ್ಣೆಯ ಟೊಪ್ಪಿಗೆ ಕೊಂಡೆ. ಆದರೆ ಒಮ್ಮೆ ಹೊಕ್ಕ ಮೈಗೆ ಮತ್ತೆ ಹೊಗುವುದು ಸುಲಭವಂತೆ. ನಾನು ಆ ಗಾಡಿಯ ಹತ್ತಿರವೂ ಸುಳಿಯಬಾರದೆಂದು ಕಲ್ಲೂರಿನ ಹಿರಿಯರು ಕಟ್ಟುನಿಟ್ಟು ಮಾಡಿದರು. ಸುಶೀಲಾ ಕೂಡ ಹೌದೆಂದಳು.

ನಿನ್ನೆ ಬದರಿಯಿಂದ ಅವಳ ಫೋನು ಬಂತು. ಹಿಮ ನೋಡಿದಳಂತೆ, ಕಾಲು ನೋವೇ ಮರೆತು ಹೋಯಿತಂತೆ. ಗರ್ಭಗುಡಿಯ ಮುಂದೆ ನಿಂತು, ಅವತ್ತು ಒಳಗಿನಿಂದ ಮಾತಾಡಿದವರಿಗೆ ಕೈಮುಗಿದಳಂತೆ. ನನಗೆ ತಡೆಯಲಾಗಲಿಲ್ಲ. ಅದು ನಾನೇ, ದೇವರಾಣೆಗೂ ನಾನೇ ಎಂದೆ.

"ಹಂಗಾದ್ರ ಇನ್ನೊಮ್ಮೆ ಅನ್ರಿ," ಎಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಬಾಗಿಲು ತೆರೆದೇ ಇತ್ತು. ಬಾಯಿ ತೆರೆದೆ. ಗಂಟಲು ಸರಿಮಾಡಿಕೊಂಡೆ.

"ಅಲ್ಲೆ ಥಂಡಿ ಭಾಳ ಅದ ಏನು?" ಎಂದೆ.

ಇದೆ ಎಂದು ಹೇಳಿ ಫೋನಿಟ್ಟಳು. ಅವತ್ತು ಮಾತಾಡಿದವರು ಬಸವಂತಪ್ಪನವರೇ ಇರಬೇಕೆಂದು ಈಗ ನನಗೂ ಅನಿಸತೊಡಗಿದೆ.