ಜಂಬಕ್ಕನ ರಿಮೋಟು, ನನ್ನ ಹಾಜರಿ

ಜಂಬಕ್ಕ ಸ್ವಾರ್ಥಿ. ಈ ಮಾತನ್ನು ನಾನು ಸಿಟ್ಟಿನಲ್ಲಿ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದು, ಸಾಕ್ಷ್ಯಾಧಾರ ಕಲೆಹಾಕಿ ಹೇಳುತ್ತಿದ್ದೇನೆ.

ಆಕೆ ನನ್ನ ಗಂಡನ ಅಕ್ಕ. ವಯಸ್ಸು ಎಪ್ಪತ್ತಾರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಕಂಪ್ಲಿಯಿಂದ ಹೊಸಪೇಟೆಯ ನಮ್ಮ ಮನೆಗೆ ಬಂದವಳು, ವಾರ ಕಳೆಯುವುದರೊಳಗೆ ಟಿ.ವಿ. ರಿಮೋಟನ್ನು ವಶಪಡಿಸಿಕೊಂಡಳು. ಅಂದಿನಿಂದ ಅದು ಬೀಗದ ಕೈಗಳ ಗೊಂಚಲಿನ ಜೊತೆ ಆಕೆಯ ಸೊಂಟದಲ್ಲಿದೆ. (ಸ್ನಾನಕ್ಕೆ ಹೋಗುವಾಗಲೂ ಒಯ್ಯುತ್ತಾಳೆ. ಬಚ್ಚಲಿನ ಕಿಟಕಿಯಲ್ಲಿ ಅದಕ್ಕೊಂದು ಸ್ಥಾನವಿದೆ.) ಮನೆಯ ಟಿ.ವಿ.ಯ ಧ್ವನಿ ಯಾವಾಗಲೂ ಮೂವತ್ತೆಂಟರಲ್ಲಿರುತ್ತದೆ. ಅದು ಮೂವತ್ತೇಳಕ್ಕೆ ಇಳಿದದ್ದನ್ನು ಕಂಡವರಿಲ್ಲ. ಹೋದ ವರ್ಷ ನಾನು ದವಡೆ ಹಲ್ಲು ಕೀಳಿಸಿಕೊಂಡು ಬಂದು, ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು, ಸ್ವಲ್ಪ ಸಣ್ಣದು ಮಾಡಿ ಎಂದು ಸನ್ನೆ ಮಾಡಿದೆ.

"ಹಲ್ಲು ಕಿತ್ಯಾರ. ಕಿವಿಗೇನಾಗೇತಿ ನಿನಗ?" ಎಂದಳು ಜಂಬಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಇನ್ನು ನನ್ನ ವಿಷಯ. ನಾನು ಚೆನ್ನಬಸಮ್ಮ. ತುಂಗಭದ್ರೆಯ ಹೂಳಿನ ಮೇಲೆ ಪಿಎಚ್.ಡಿ. ಮಾಡಿ, ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಭೂಗೋಳ ಪಾಠ ಹೇಳಿದವಳು. ವಿದ್ಯಾರ್ಥಿಗಳು ನನಗಿಟ್ಟ ಹೆಸರು 'ಬಂಡೆ ಮೇಡಂ'. ಹಂಪಿಯ ಸುತ್ತ ಬೆಳೆದ ಮಕ್ಕಳು ಬಂಡೆ ಎಂದರೆ ತಿಳಿದೇ ಅಂದಿರುತ್ತಾರೆ. ಹಾಜರಿ ಶೇಕಡಾ ಎಪ್ಪತ್ತೈದು ಇಲ್ಲದಿದ್ದರೆ ನನ್ನ ಕೈಯಿಂದ ಹಾಲ್ ಟಿಕೆಟ್ ಪಡೆದವರಿಲ್ಲ. ಅತ್ತವರಿದ್ದಾರೆ, ಅಪ್ಪನನ್ನು ಕರೆತಂದವರಿದ್ದಾರೆ, ಒಬ್ಬನಂತೂ ಶಾಸಕರ ಪತ್ರವನ್ನೇ ತಂದಿದ್ದ. ಒಂದು ಗೈರುಹಾಜರಿಯನ್ನೂ ನಾನು ತಿದ್ದಲಿಲ್ಲ. ನಿವೃತ್ತಿಯ ದಿನ ಕೊಟ್ಟ ಶಾಲಿಗಿಂತ ನನಗೆ ಆ ಹೆಸರೇ ಹೆಚ್ಚು.

ಇಂಥ ನನ್ನ ಮನೆಯೊಳಗೆ 'ನೆರೆ ಇಳಿದ ಮೇಲೆ' ಎಂಬ ಧಾರಾವಾಹಿ ನುಗ್ಗಿತು. ಹೊಳೆಗಡ್ಡೆ ಎಂಬ ಕಾಲ್ಪನಿಕ ಸಣ್ಣ ಊರು. ಒಂದೇ ರಾತ್ರಿಯಲ್ಲಿ ಪ್ರವಾಹ ಬಂದು ಹೋಗಿದೆ. ಉಳಿದವರು ಕೆಸರು ತೆಗೆದು, ಗೋಡೆ ಕಟ್ಟಿ, ಜಗಳವಾಡಿ, ಮದುವೆಯಾಗಿ ಊರನ್ನು ಮತ್ತೆ ಎಬ್ಬಿಸುತ್ತಿದ್ದಾರೆ. ಸೋಮವಾರದಿಂದ ಶನಿವಾರದವರೆಗೆ, ಸಂಜೆ ಏಳೂವರೆಗೆ.

ಅಣೆಕಟ್ಟಿನ ಕೆಳಗೆ ಬದುಕುವ ಜನಕ್ಕೆ ಪ್ರವಾಹದ ಕಥೆ ತೋರಿಸುವುದು ಅಡುಗೆಯವರಿಗೆ ಊಟ ಬಡಿಸಿದ ಹಾಗೆ. ಎಲ್ಲರೂ ಪರಿಣತರೇ. ಮೊದಲ ಕಂತಿನಲ್ಲಿ ಊರೆಲ್ಲ ಮುಳುಗಿ, ಹಿನ್ನೆಲೆಯಲ್ಲಿ ಶಹನಾಯಿ ಅಳುತ್ತಿದ್ದಾಗ, ನೀರಾವರಿ ಇಲಾಖೆಯಿಂದ ನಿವೃತ್ತರಾದ ನನ್ನ ಪತಿ ವಿರುಪಾಕ್ಷಪ್ಪನವರು ಕೇಳಿದ ಪ್ರಶ್ನೆ ಒಂದೇ:

"ಎಷ್ಟು ಗೇಟ್ ತಗದಿದ್ರಂತ? ಎಷ್ಟು ಕ್ಯೂಸೆಕ್ಸ್ ಬಂತು? ಅದನ್ನ ಹೇಳವಲ್ಲರಲ್ಲ!"

"ಹೆಣಾ ತೇಲಾಕ ಹತ್ಯಾವು, ಇವಂಗ ಕ್ಯೂಸೆಕ್ಸ್ ಬೇಕಂತ. ಬಾಯಿ ಮುಚ್ಚಲೇ ವಿರುಪಾಕ್ಷಿ," ಎಂದು ಜಂಬಕ್ಕ ಗದರಿದಳು. (ಎಪ್ಪತ್ತಮೂರು ವರ್ಷದ ನನ್ನ ಗಂಡನನ್ನು 'ಲೇ' ಎನ್ನುವ ಅಧಿಕಾರ ಆಕೆಗೊಬ್ಬಳಿಗೇ ಉಳಿದಿದೆ. ನನಗೆ ಎಂದೂ ಸಿಗಲಿಲ್ಲ.)

ಪಕ್ಕದ ಮನೆಯ ಪಕೀರಮ್ಮ ತನ್ನ ಟಿ.ವಿ.ಯನ್ನು ಸೊಸೆಗೆ ಬಿಟ್ಟು ನಮ್ಮಲ್ಲಿಗೇ ಬರುತ್ತಿದ್ದಳು. ಆಕೆಯದು ಬೇರೆ ಚಿಂತೆ, ಧಾರಾವಾಹಿಯ ನಾಯಕಿಯ ಮನೆಯದು. "ಆ ಗೌರಿ ಮನಿ ಬೀಸೋಕಲ್ಲು ತೇಲಿಕೊಂಡು ಹೋತಂತಲ್ರಿ. ಬಿದಿರಿಂದ ಮಾಡಿಸಿದ್ರೇನ ಮತ್ತ?" ಪರಿಹಾರದ ಅಕ್ಕಿ ಬಚ್ಚಿಟ್ಟ ಖಳನಾಯಕ ಕಾಣಿಸಿದಾಗಲೆಲ್ಲ ಆಕೆ ಬೆರಳ ನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು.

ನಾನು ಶಾಪ ಹಾಕಲಿಲ್ಲ, ಅಳಲಿಲ್ಲ. ನೋಟ್‌ಬುಕ್ ಇಟ್ಟುಕೊಂಡೆ. ತಪ್ಪು ಒಂದು: ನೀರಿನ ಗುರುತು ಬಾಗಿಲ ಮೇಲಿನ ಪಟ್ಟಿಗಿದೆ, ಅದರ ಕೆಳಗಿನ ಕ್ಯಾಲೆಂಡರ್ ಒಣಗಿದೆ. ತಪ್ಪು ಎರಡು: ಹೂಳು ಕೆಂಪಾಗಿದೆ, ಕರಿಮಣ್ಣಿನ ಸೀಮೆಯಲ್ಲಿ ಅದು ಎಲ್ಲಿಂದ ಬಂತು? ಹೀಗೆ ನೂರತೊಂಬತ್ತು ಕಂತು ಮುಗಿಯುವಷ್ಟರಲ್ಲಿ ನಲವತ್ತೊಂದು ತಪ್ಪು ಪಟ್ಟಿಯಾದವು.

"ಚೆನ್ನಮ್ಮಾ, ನೀ ಧಾರಾವಾಹಿ ನೋಡಾಕತ್ತೀಯೋ, ಪೇಪರ್ ತಿದ್ದಾಕತ್ತೀಯೋ?" ಎಂದಳು ಜಂಬಕ್ಕ.

"ತಪ್ಪನ್ನ ತಪ್ಪು ಅನ್ನೋರೊಬ್ಬರು ಬೇಕಲ್ಲ ಅಕ್ಕಾ."

"ಆ ಹೊನ್ನೂರಪ್ಪ ಮಾಸ್ತರ ಮಾತಾಡುವಾಗ ಮಾತ್ರ ನಿನ್ನ ಪೆನ್ನು ನಿಂತಿರತೈತಿ. ನಾ ನೋಡೀನಿ."

ಇದು ಸುಳ್ಳು. ಹೊನ್ನೂರಪ್ಪ ಮಾಸ್ತರು ಧಾರಾವಾಹಿಯ ಶಾಲಾ ಮೇಷ್ಟ್ರು. ಅರ್ಧ ಬಿದ್ದ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ದಿನಾ ಹಾಜರಿ ಕೂಗುತ್ತಿದ್ದರು. ಅವರ ಪಾತ್ರದಲ್ಲಿ ಭೌಗೋಳಿಕ ದೋಷಗಳು ಕಡಿಮೆ ಇದ್ದವು, ಅಷ್ಟೆ.

ಹೀಗಿರುವಾಗ ಒಂದು ದಿನ ನಮ್ಮ ಓಣಿಯ ಕೇಬಲ್‌ನ ಮಾಲೀಕ ಓಬಳೇಶ ಬಂದ. ಇವನು ನನ್ನ ಹಳೆಯ ವಿದ್ಯಾರ್ಥಿ. ಹಾಜರಿ ಶೇಕಡಾ ಎಪ್ಪತ್ತಮೂರು ಇದ್ದದ್ದರಿಂದ ನಾನು ಪರೀಕ್ಷೆಗೆ ಕೂರಿಸದೆ ಒಂದು ವರ್ಷ ನಿಲ್ಲಿಸಿದ್ದ ಗಿರಾಕಿ. (ಶಾಸಕರ ಪತ್ರ ತಂದಿದ್ದವನೂ ಇವನೇ.) ಈಗ ತಲೆಯೆಲ್ಲ ಬೆಳ್ಳಗಾಗಿದೆ, ಆದರೂ ನನ್ನ ಮುಂದೆ ಕೂರುವುದಿಲ್ಲ.

"ಮೇಡಂ, ಇನ್ನೂರನೇ ಕಂತಿಗೆ ಚಾನೆಲ್‌ನೋರು ಪ್ರೇಕ್ಷಕರ ಪ್ರತಿಕ್ರಿಯೆ ತಗೋತಾರಂತ್ರಿ. ನಮ್ಮ ಊರಾಗ ನಿಮ್ಮ ಮನೀನ ಹೇಳೀನಿ. ಬುಧವಾರ ಬರ್ತಾರ. ಇನ್ನೂ ಬರದ ಕಂತನ್ನ ನಿಮಗ ಮೊದಲ ತೋರಿಸ್ತಾರ. ನೀವು ನೋಡೋದನ್ನ ಅವರು ಕ್ಯಾಮೆರಾದಾಗ ತಗೀತಾರ. ಶನಿವಾರ ಟಿ.ವಿ.ಯಾಗ ಬರತೈತಿ."

ಆ ಕ್ಷಣದಿಂದ ನಮ್ಮ ಮನೆಯಲ್ಲಿ ಎರಡು ಸಿದ್ಧತೆ ನಡೆದವು. ನಾನು ನಲವತ್ತೊಂದು ತಪ್ಪುಗಳನ್ನು ಮೂರು ಹಾಳೆಗೆ ಇಳಿಸಿದೆ. ಬಂಡೆ ಮೇಡಂ ಎಂದರೆ ಏನು ಎಂದು ಇಡೀ ರಾಜ್ಯಕ್ಕೆ ಗೊತ್ತಾಗಲಿದೆ! ಜಂಬಕ್ಕ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿದಳು: "ಎಲ್ಲಾರಿಗೂ ಶರಣು. ನಾನು ಕಂಪ್ಲಿ ಜಂಬಕ್ಕ. ಹೊಳೆಗಡ್ಡೆ ಮಂದಿ ಎಲ್ಲಾ ನಮ್ಮ ಮಂದೀನ." ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ಬಚ್ಚಲಿನೊಳಗೆ ಇದೇ ವಾಕ್ಯ. ಕಂಪ್ಲಿ, ಎಮ್ಮಿಗನೂರಿನ ನೆಂಟರಿಗೆಲ್ಲ ಫೋನು ಹೋಯಿತು: "ಶನಿವಾರ ಟಿ.ವಿ. ಹಚ್ಚಿಕೊಂಡು ಕುಂದ್ರಿ. ನಾ ಬರಾಕಿ ಅದೀನಿ."

ಬುಧವಾರ ಕ್ಯಾಮೆರಾ, ದೀಪ, ಮೈಕು ಬಂದವು. ಮೈಕ್ ಹಿಡಿದ ಹುಡುಗಿಯ ಹೆಸರು ಪಲ್ಲವಿ. ಹಸಿರು ಇಳಕಲ್ ಸೀರೆ ಉಟ್ಟ ಜಂಬಕ್ಕ ನನ್ನ ಎಡಕ್ಕೆ, ಪಕೀರಮ್ಮ ಬಲಕ್ಕೆ, ಪತಿದೇವರು ಹಿಂದೆ.

"ಕಂತು ಮುಗಿದ ಮೇಲೆ ಮಾತಾಡೋಣ ಮೇಡಂ. ಈಗ ಸುಮ್ಮನೆ ನೋಡ್ತಾ ಇರಿ, ಸಹಜವಾಗಿ," ಎಂದಳು ಪಲ್ಲವಿ.

ನೋಡಿದೆ. ಸಹಜವಾಗಿಯೇ ನೋಡುತ್ತಿದ್ದೆ. ಮತ್ತೆ ಮಳೆ. ವಾಲಿದ ಶಾಲೆಯ ಗೋಡೆಯಲ್ಲಿ ಬಿರುಕು. ಹೊನ್ನೂರಪ್ಪ ಮಾಸ್ತರು ಮಕ್ಕಳನ್ನೆಲ್ಲ ಹೊರಗೆ ದಾಟಿಸಿದರು. ಸರಿ. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಆ ಮನುಷ್ಯ ಎದೆ ಮುಟ್ಟಿಕೊಂಡು, "ಹಾಜರಿ ಪುಸ್ತಕ!" ಎಂದು ತಿರುಗಿ ಒಳಗೆ ಹೊರಟುಬಿಟ್ಟರು. ಪ್ರವಾಹದಿಂದ ಉಳಿದದ್ದು ಅದೊಂದೇ ಪುಸ್ತಕ. ಊರಿನಲ್ಲಿ ಯಾವ ಯಾವ ಮಕ್ಕಳಿದ್ದವು ಎನ್ನುವುದಕ್ಕೆ ಬೇರೆ ದಾಖಲೆಯಿಲ್ಲ.

ಬಿರುಕು ದೊಡ್ಡದಾಯಿತು.

ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ. ನನ್ನ ಕಾಲುಗಳು ಜವಾಬ್ದಾರಿ. ಅವು ಎದ್ದು ನಿಂತಿದ್ದವು. ಗಂಟಲೂ ಅವುಗಳ ಜೊತೆ ಸೇರಿಕೊಂಡಿತು.

"ಮಾಸ್ತರ! ಹೊರಗ ಬರ್ರಿ! ಬಿಡ್ರಿ ಆ ಹಾಜರಿ ಪುಸ್ತಕಾ! ನಾ ಬರಕೊಡ್ತೀನಿ! ಎಲ್ಲಾರ್ನೂ ಹಾಜರ್ ಅಂತ ಹಾಕಿ ನಾ ಬರಕೊಡ್ತೀನ್ರೀ!"

ಗೋಡೆ ಕುಸಿಯಿತು. ಪರದೆ ಕಪ್ಪಾಯಿತು. ಕೋಣೆಯಲ್ಲಿ ಒಂದು ಸೊರಸೊರ ಸದ್ದು ಕೇಳಿಸಿತು. ನೋಡಿದರೆ, ನಲವತ್ತೊಂದು ತಪ್ಪುಗಳ ಮೊದಲ ಹಾಳೆಯಿಂದ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ. (ಶಾಯಿ ಮೂಗಿಗೆ ಹತ್ತಿತ್ತು. ನಂತರ ಪತಿಯವರು ತಿಳಿಸಿದರು.)

ಪಲ್ಲವಿಯ ಕಣ್ಣು ಫಳಫಳ ಹೊಳೆಯಿತು. ಕ್ಯಾಮೆರಾ ನಿಲ್ಲಿಸದೆಯೇ ಮೈಕನ್ನು ಪಕ್ಕಕ್ಕೆ ಚಾಚಿದಳು. ಜಂಬಕ್ಕ ಸೆರಗು ಸರಿಪಡಿಸಿಕೊಂಡು, ಒಂದಕ್ಷರ ತಪ್ಪದೆ, ತನ್ನ ವಾಕ್ಯ ಒಪ್ಪಿಸಿದಳು.

"ಇಷ್ಟೇ ಸಾಕು. ಅದ್ಭುತ!" ಎಂದಳು ಪಲ್ಲವಿ. ನನ್ನ ತಪ್ಪುಪಟ್ಟಿಯನ್ನು ಯಾರೂ ಕೇಳಲಿಲ್ಲ. ತಂತಿ ಸುತ್ತುತ್ತಿದ್ದ ಓಬಳೇಶ ಮಾತ್ರ ನನ್ನ ಹತ್ತಿರ ಬಂದು, ತಲೆ ತಗ್ಗಿಸಿ, ಬಹಳ ವಿನಯದಿಂದ ಕೇಳಿದ:

"ಮೇಡಂ, ನನಗ ಎರಡ ಪರ್ಸೆಂಟ್ ಕಮ್ಮಿ ಇತ್ರಿ. ಅವತ್ತು ನಾನೂ ಒಂದು ಗ್ವಾಡಿ ಕೆಳಗ ನಿಂತಿದ್ರ ಬರಕೊಡ್ತಿದ್ರೇನ್ರಿ?"

ಗುರುವಾರ ನಾನು ಅವನ ಅಂಗಡಿಗೆ ಹೋದೆ. ಆ ಭಾಗ ತೆಗೆಸು ಎಂದು ಆಜ್ಞೆ ಮಾಡುವುದಕ್ಕೆ ಹೋದದ್ದು.

"ನನ್ನ ಕೈಯಾಗ ಇಲ್ರಿ ಮೇಡಂ. ನೀವ ಹೇಳ್ತಿದ್ರಲ್ಲ, ಒಂದ್ಸಲ ದಾಖಲಾತಿ ಆತಂದ್ರ ಬ್ರಹ್ಮ ಬಂದ್ರೂ ತಿದ್ದಾಕಾಗಲ್ಲ ಅಂತ?"

ಹೇಳುತ್ತಿದ್ದೆ. ಬಾಗಿಲವರೆಗೆ ಬಂದವಳು ತಿರುಗಿ, ಆದಷ್ಟು ನಿರ್ಲಕ್ಷ್ಯದಿಂದ ಕೇಳಿದೆ: "ಅಲ್ಲಪ್ಪಾ, ಆ ಮಾಸ್ತರು... ಬದುಕಿದರಾ?"

"ಶನಿವಾರ ನೋಡ್ರಿ ಮೇಡಂ," ಎಂದ ದ್ರೋಹಿ.

ಮೂರು ದಿನ ನಾನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಮೂವತ್ತಮೂರು ವರ್ಷ ಕಾಪಾಡಿದ ಹೆಸರು ಹನ್ನೊಂದು ಸೆಕೆಂಡಿನಲ್ಲಿ ಹೂಳಾಗಿ ಹೋಗುವುದಿತ್ತು. ಇಡೀ ರಾಜ್ಯದ ಮುಂದೆ, ಸುಳ್ಳು ಹಾಜರಿ ಬರೆದುಕೊಡುತ್ತೇನೆಂದು, ನನ್ನದೇ ಬಾಯಿಂದ! ಜಂಬಕ್ಕನಿಗೆ ಇದರ ಪರಿವೆಯೇ ಇರಲಿಲ್ಲ. ಆಕೆ ಇಳಕಲ್ ಸೀರೆಗೆ ಮತ್ತೆ ಇಸ್ತ್ರಿ ಮಾಡಿಸಿದಳು. (ಟಿ.ವಿ.ಯಲ್ಲಿ ಬರುವುದು ಬುಧವಾರ ಉಟ್ಟ ಸೀರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.)

"ಅಕ್ಕಾ, ಶನಿವಾರ ಟಿ.ವಿ. ಬ್ಯಾಡ," ಎಂದೆ ಶುಕ್ರವಾರ. ನನ್ನ ಜೀವಮಾನದಲ್ಲಿ ನಾನು ಬೇಡಿಕೊಂಡದ್ದು ಅದೊಂದೇ ಸಲ.

"ಹುಚ್ಚಿ ಅದೀಯೇನ? ಇಪ್ಪತ್ತು ಮಂದಿಗೆ ಮಂಡಾಳ ಒಗ್ಗರಣಿಗೆ ಹೇಳೀನಿ," ಎಂದಳು ಸ್ವಾರ್ಥಿ.

ಶನಿವಾರ ಸಂಜೆ ಇಪ್ಪತ್ತಲ್ಲ, ಮೂವತ್ತು ಮಂದಿ ಬಂದರು. ಎಮ್ಮಿಗನೂರಿನವರು ಚಾಪೆಯ ಮೇಲೆ, ಕಂಪ್ಲಿಯವರು ಮಂಚದ ಮೇಲೆ, ಓಬಳೇಶ ಬಾಗಿಲಲ್ಲಿ. ಎಲ್ಲರ ಕೈಯಲ್ಲೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಟಿ.ವಿ. ಮೂವತ್ತೆಂಟರಲ್ಲಿ ಅಬ್ಬರಿಸುತ್ತಿತ್ತು. ಶಾಲೆಯ ಗೋಡೆ ಮತ್ತೊಮ್ಮೆ ಕುಸಿಯಿತು, ಅಲ್ಲಿಗೆ ಕಥೆ ನಿಲ್ಲಿಸಿ ಪ್ರೇಕ್ಷಕರ ಪ್ರತಿಕ್ರಿಯೆ ಶುರುಮಾಡಿದರು. ಬೇರೆ ಬೇರೆ ಊರಿನವರು ಬಂದರು, ಅತ್ತರು, ಹೋದರು. ಆಮೇಲೆ ನಮ್ಮ ಮನೆಯ ನೀಲಿ ಗೋಡೆ ಕಾಣಿಸಿತು.

"ಬಂತ ಬಂತ! ಜಂಬಕ್ಕನ ಸೀರಿ ನೋಡ್ರಿ!" ಎಂದಳು ಪಕೀರಮ್ಮ.

ಪರದೆಯ ಮೇಲೆ ನಾನು ಎದ್ದು ನಿಂತೆ. ಬಾಯಿ ತೆರೆದೆ.

ಸದ್ದಿಲ್ಲ.

ನನ್ನ ಬಾಯಿ ಮೀನಿನ ಹಾಗೆ ತೆರೆದು ಮುಚ್ಚಿತು, ಕೈ ಗಾಳಿಯಲ್ಲಿ ಆಡಿತು, ಮಾತು ಮಾತ್ರ ಹೊರಡಲಿಲ್ಲ. "ಏನಾತಪ್ಪಾ ಇದಕ್ಕ?" ಎಂದು ಎಲ್ಲರೂ ಕೂಗಿದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ, ನಮ್ಮ ಟಿ.ವಿ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಸುಮ್ಮನಾದದ್ದರಿಂದಲೇ, ಓಣಿಯ ಬೇರೆ ಮನೆಗಳ ಟಿ.ವಿ.ಗಳು ಕೇಳಿಸತೊಡಗಿದವು. ಪಕೀರಮ್ಮನ ಮನೆಯಿಂದ, ಎದುರು ಮನೆಯಿಂದ, ಹಿಂದಿನ ಮನೆಯಿಂದ, ಕಿಟಕಿ ಕಿಟಕಿಯಿಂದ, ಸ್ಪಷ್ಟವಾಗಿ, ನನ್ನದೇ ದನಿ:

"ಎಲ್ಲಾರ್ನೂ ಹಾಜರ್ ಅಂತ ಹಾಕಿ ನಾ ಬರಕೊಡ್ತೀನ್ರೀ!"

ಮೂವತ್ತು ಮಂದಿ ಒಟ್ಟಿಗೆ ನಕ್ಕರು. ಓಬಳೇಶ ಬಾಗಿಲು ಹಿಡಿದುಕೊಂಡು ನಕ್ಕ. ಪತಿದೇವರು ಮಿರ್ಚಿ ನೆತ್ತಿಗೇರಿಸಿಕೊಂಡು, ಕೆಮ್ಮುತ್ತಾ ನಕ್ಕರು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಎಷ್ಟೆಂದರೂ ಆ ಮೂಗಿನ ಮೇಲೆ ಶಾಯಿ ಇತ್ತು.

ನಗುವಿನ ಗದ್ದಲದಲ್ಲಿ ಪರದೆಯ ಮೇಲೆ ಜಂಬಕ್ಕ ಸೆರಗು ಸರಿಪಡಿಸಿಕೊಂಡಳು. ತುಟಿಗಳು ಅಲುಗಿದವು. ಎಲ್ಲಾರಿಗೂ ಶರಣು. ಆ ವಾಕ್ಯ ಬೇರೆ ಮನೆಗಳಲ್ಲಿ ಕೇಳಿಸಿರಬೇಕು. ನಮ್ಮಲ್ಲಿ ಕೇಳಿಸಲಿಲ್ಲ. ಅದನ್ನು ಕೇಳಲೆಂದೇ ಎರಡು ಬಸ್ಸು ಬದಲಿಸಿ ಬಂದ ನೆಂಟರಿಗೂ ಕೇಳಿಸಲಿಲ್ಲ.

"ಅಯ್ಯೋ, ಜಂಬಕ್ಕನ ಮಾತ ಹೋತಲ್ರಿ! ಕೇಬಲ್‌ನಾಗ ಏನಾಗೇತಿ, ಓಬಳೇಶಣ್ಣಾ?" ಎಂದಳು ಪಕೀರಮ್ಮ.

"ಕೇಬಲ್ಲೋ ಕರೆಂಟೋ, ಏನೋ ಒಂದ ಆಗೇತಿ. ಹೋಗಲಿ ಬಿಡ್ರಿ," ಎಂದಳು ಜಂಬಕ್ಕ. "ಈಗ ಮಾಸ್ತರ ಬರ್ತಾನ, ಸುಮ್ಮನ ನೋಡ್ರಿ. ಚೆನ್ನಮ್ಮ ಮೂರು ದಿನದಿಂದ ಕಾಯಾಕತ್ಯಾಳ."

ಮಾಸ್ತರು ಬಂದರು. ಕುಸಿದ ಗೋಡೆಯಡಿ, ಮುರಿದ ಬೆಂಚಿನ ಕೆಳಗಿಂದ, ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ತೆವಳಿ ಬಂದರು. ಧ್ವನಿ ಮತ್ತೆ ಮೂವತ್ತೆಂಟಕ್ಕೆ ಏರಿತು. ಮೂವತ್ತು ಮಂದಿ ಕೇಕೆ ಹಾಕಿದರು.

ನಾನು ಮಾತ್ರ ಆಗ ಪರದೆಯನ್ನು ನೋಡುತ್ತಿರಲಿಲ್ಲ. ಹಸಿರು ಇಳಕಲ್ ಸೆರಗಿನ ಅಂಚಿನಿಂದ ಇಣುಕುತ್ತಿದ್ದ ರಿಮೋಟನ್ನು, ಅದರ ಮೇಲಿದ್ದ ಜಂಬಕ್ಕನ ಹೆಬ್ಬೆರಳನ್ನು ನೋಡುತ್ತಿದ್ದೆ. ಹೆಬ್ಬೆರಳು ಇದ್ದದ್ದು, ಆ ರಿಮೋಟಿನಲ್ಲಿ ಇದೆಯೆಂದೇ ಆಕೆಗೆ ಗೊತ್ತಿಲ್ಲವೆಂದು ನಾನು ಇಪ್ಪತ್ತೆರಡು ವರ್ಷ ನಂಬಿದ್ದ ಗುಂಡಿಯ ಮೇಲೆ.