ಮುನಿರ್ಕಾದಲ್ಲಿ ನಾನು ಇರಲಿಲ್ಲ

ನನ್ನನ್ನು ಯಾರೂ ಮೋಸಗೊಳಿಸಲಾರರು ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಅನುಮಾನ ಇಲ್ಲದಿದ್ದದ್ದು ಅದೊಂದರಲ್ಲೇ.

ಅನುಮಾನ ನನ್ನ ಸ್ವಭಾವವೂ ಹೌದು, ಉದ್ಯೋಗವೂ ಹೌದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಗುಡಗಾಂವ್‌ನ ಒಂದು ಕಂಪನಿಯಲ್ಲಿ ವಿಮೆಯ ಸುಳ್ಳು ಅರ್ಜಿಗಳನ್ನು ಹಿಡಿಯುವ ಕೆಲಸ ಮಾಡುತ್ತಿದ್ದೆ. ಒಂದೇ ಕಾರು ಒಂದೇ ದಿನ ಮೂರು ಊರುಗಳಲ್ಲಿ ಅಪಘಾತಕ್ಕೀಡಾಗಿದ್ದರೆ ಅದನ್ನು ಪತ್ತೆ ಹಚ್ಚುವವಳು ನಾನು. ವಾಸ ದೆಹಲಿಯ ಮುನಿರ್ಕಾದ ಒಂದು ಗಲ್ಲಿಯ ಮೂರನೇ ಮಹಡಿಯಲ್ಲಿ. ನಾನು ದಾವಣಗೆರೆಯವಳು, ಜೊತೆಗಿದ್ದವಳು ಬಳ್ಳಾರಿಯ ನಸ್ರೀನ್. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮೂರು ವರ್ಷದಲ್ಲಿ ಆ ಗಲ್ಲಿಯಲ್ಲಿ ಯಾರಿಗೂ ನಾನು ನನ್ನ ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು?

ಹೀಗಿರುವಾಗ ಡಬ್ಲಿನ್‌ನ ಒಂದು ಕಂಪನಿಯಿಂದ ನನಗೆ ಕೆಲಸದ ಆಹ್ವಾನ ಬಂತು. ಒಂದೇ ವರ್ಷದಲ್ಲಿ ಮೂರು ಪಟ್ಟು ಬೆಳೆದಿದ್ದೇವೆ, ನಿಮ್ಮಂಥ ಪರಿಣತರು ತುರ್ತಾಗಿ ಬೇಕು, ಉದ್ಯೋಗದ ವೀಸಾ ನಾವೇ ಮಾಡಿಸುತ್ತೇವೆ ಎಂದು ಬರೆದಿದ್ದರು. ಫೋನಿನಲ್ಲಿ ಎರಡೇ ಎರಡು ಸಂದರ್ಶನ. ಇಷ್ಟು ಬೇಗ ಬೆಳೆಯುವ ಕಂಪನಿಯನ್ನು ನಂಬುವುದು ಹೇಗೆ? ನನ್ನನ್ನು ಇಷ್ಟು ಬೇಗ ಮೆಚ್ಚಿಕೊಂಡವರನ್ನಂತೂ ನಂಬುವ ಪ್ರಶ್ನೆಯೇ ಇಲ್ಲ!

ಪಿಸಿಓಗೆ ಹೋಗಿ ಡಬ್ಲಿನ್‌ಗೆ ಫೋನ್ ಮಾಡಿದೆ. ಒಬ್ಬ ಹೆಂಗಸು "ಗುಡ್ ಮಾರ್ನಿಂಗ್" ಎಂದಳು. ಇಟ್ಟುಬಿಟ್ಟೆ. ಮರುದಿನ ಮತ್ತೆ ಮಾಡಿದೆ. ಅದೇ ಹೆಂಗಸು, ಅದೇ ಗುಡ್ ಮಾರ್ನಿಂಗ್. ಮೂರನೇ ದಿನ ಅವಳು "ಡೆಲ್ಲಿಯಿಂದಲೇ ಅಲ್ಲವೇ?" ಎಂದು ಕೇಳಿದಳು. ಕಂಪನಿ ನಿಜವಾದದ್ದೇ ಎಂದು ತೀರ್ಮಾನಿಸಿ ಗುಡಗಾಂವ್‌ನ ಕೆಲಸಕ್ಕೆ ರಾಜೀನಾಮೆ ಕೊಟ್ಟೆ.

ಇನ್ನು ಉಳಿದದ್ದು ಒಂದೇ ಹೆಜ್ಜೆ. ದೆಹಲಿಯ ಒಂದು ಏಜೆನ್ಸಿಯವರು ನನ್ನ ವಿದ್ಯೆ, ಉದ್ಯೋಗ, ವಿಳಾಸ ಎಲ್ಲ ನಿಜವೇ ಎಂದು ವಿಚಾರಿಸಿ ವರದಿ ಕೊಡಬೇಕು. ಆ ವರದಿ ತಲುಪಿದ ಮೇಲೆಯೇ ನನ್ನ ವೀಸಾದ ಕಾಗದಗಳು ಮುಂದಕ್ಕೆ ಹೋಗುವುದು.

ಇಲ್ಲಿ ನಮ್ಮ ಮನೆಯ ಮಾಲಕಿ ಸಂತೋಷ್ ಆಂಟಿಯ ಬಗ್ಗೆ ಹೇಳಬೇಕು. ಹರಿಯಾಣದ ಕಡೆಯವರು. ಅವರಿಗಿದ್ದ ಭಯ ಎರಡೇ: ಪೊಲೀಸಿನವರು, ತೆರಿಗೆಯವರು. ಬಾಡಿಗೆದಾರರನ್ನು ಇಟ್ಟುಕೊಂಡರೆ ಠಾಣೆಗೆ ಹೋಗಿ ಫಾರ್ಮ್ ತುಂಬಬೇಕು. ಆದ್ದರಿಂದ ನಾವು ಸೂಟ್‌ಕೇಸ್ ಇಳಿಸಿದ ದಿನವೇ ಪಾಠ ಹೇಳಿಕೊಟ್ಟಿದ್ದರು.

"ದೇಖೋ ಬೇಟಾ, ಯಾರೇ ಫೈಲ್ ಹಿಡಿದುಕೊಂಡು ಬಂದು ಕೇಳಲಿ, ನೀವಿಬ್ಬರೂ ನನ್ನ ಅಣ್ಣನ ಮಕ್ಕಳು. ಸಮಝ್ ಗಯೇ?"

ಅವರ ಅಣ್ಣ ರೋಹ್ತಕ್‌ನಲ್ಲಿ ಎಮ್ಮೆ ಸಾಕಿಕೊಂಡಿದ್ದರು. ಅವರಿಗೆ ದಾವಣಗೆರೆಯಲ್ಲೊಬ್ಬಳು, ಬಳ್ಳಾರಿಯಲ್ಲೊಬ್ಬಳು ಮಗಳಿರುವುದು ಅವರಿಗೇ ಗೊತ್ತಿರಲಿಲ್ಲ!

ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಸರಪಳಿ ತೆಗೆಯದೆ ಇಣುಕಿದೆ. ಕಂಕುಳಲ್ಲಿ ಹೆಲ್ಮೆಟ್, ಕೈಯಲ್ಲಿ ಫೈಲ್ ಹಿಡಿದ ಒಬ್ಬ ಮಧ್ಯವಯಸ್ಸಿನವರು.

"ವಿನುತಾ ಅನ್ನೋರು ಇಲ್ಲೇ ಇರ್ತಾರಾ?"

"ನೀವು ಯಾರು?"

"ತ್ಯಾಗಿ ಅಂತ. ಏಜೆನ್ಸಿಯಿಂದ ಬಂದಿದ್ದೀನಿ, ವೀಸಾ ವಿಚಾರಣೆಗೆ." ಗುರುತಿನ ಚೀಟಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿದರು.

ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. "ಲ್ಯಾಮಿನೇಷನ್ ಯಾರು ಬೇಕಾದರೂ ಮಾಡಿಸಬಹುದು."

"ಅಚ್ಛಾ. ವಿನುತಾ ಅವರನ್ನು ಕರೀರಿ."

ಮುಂಚೆ ತಿಳಿಸದೆ ಬಂದಿದ್ದಾರೆ, ಏಜೆನ್ಸಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಮಾತಾಡಬೇಕು ಎಂದು ನನ್ನ ತರಬೇತಿ ಪಡೆದ ಬುದ್ಧಿ ಎಚ್ಚರಿಸಿತು. "ಅವಳಿಲ್ಲ" ಎಂದೆ.

"ಮತ್ತೆ ನೀವು?"

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. "ನಾನು... ನಸ್ರೀನ್."

ತ್ಯಾಗಿ ಬರೆದುಕೊಂಡರು. ಅಷ್ಟರಲ್ಲಿ ನಿಜವಾದ ನಸ್ರೀನ್ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ನಿಮ್ಮ ಹೆಸರು?" ಎಂದು ತ್ಯಾಗಿ ಕೇಳಿದರು.

ನಸ್ರೀನ್ ಫೈಲ್ ನೋಡಿದಳು. ಕಲಿತ ಪಾಠ ನೆನಪಾಯಿತು. "ಹೆಸರು ಯಾಕೆ? ನಾನು ಕೆಳಗಿನ ಆಂಟಿಯ ಅಣ್ಣನ ಮಗಳು."

"ಇಲ್ಲಿ ಬಾಡಿಗೆಗೆ ಯಾರಿದ್ದಾರೆ?"

"ಯಾರೂ ಇಲ್ಲ!" ಎಂದು ಗುಡುಗುತ್ತ ಕೆಳಗಿನಿಂದ ಹತ್ತಿ ಬಂದವರು ಸಂತೋಷ್ ಆಂಟಿ. "ಇಬ್ಬರೂ ನನ್ನ ಅಣ್ಣನ ಮಕ್ಕಳೇ. ನೀನು ಯಾರಪ್ಪ, ನಮ್ಮ ಹುಡುಗಿಯರನ್ನು ವಿಚಾರಿಸೋಕೆ?"

ತ್ಯಾಗಿ ನಮ್ಮ ಮೂವರ ಮುಖಗಳನ್ನು ಒಂದೊಂದಾಗಿ ನೋಡಿದರು. ನಂತರ ಬಹಳ ಹೊತ್ತು ಬರೆದರು.

ಅವರು ಹೋದ ಮೇಲೆ ಏಜೆನ್ಸಿಗೆ ಫೋನ್ ಮಾಡಿದೆ. "ಹೌದು ಮೇಡಂ, ತ್ಯಾಗಿ ನಮ್ಮವರೇ. ಹದಿನಾರು ವರ್ಷದಿಂದ ಇದ್ದಾರೆ" ಎಂದರು.

ನಸ್ರೀನ್ ನೆಲದ ಮೇಲೆ ಕುಳಿತು ತೊಂಡೆಕಾಯಿ ಆರಿಸುತ್ತಿದ್ದವಳು ತಲೆಯೆತ್ತಿದಳು. "ಅಂದರೆ ಐರ್ಲೆಂಡಿಗೆ ಈಗ ನಾನು ಹೋಗಬೇಕೇನೇ?"

ಸೋಮವಾರ ಡಬ್ಲಿನ್‌ನಿಂದ ಸಭ್ಯವಾದ ಒಂದು ಮಿಂಚಂಚೆ ಬಂತು. ಅಭ್ಯರ್ಥಿಯು ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲವೆಂದು ವರದಿಯಾಗಿದೆ. ಶುಕ್ರವಾರದೊಳಗೆ ಸರಿಯಾದ ವರದಿ ಬಾರದಿದ್ದರೆ ವೀಸಾ ಪ್ರಕ್ರಿಯೆಯನ್ನು ಕೈಬಿಡಬೇಕಾಗುತ್ತದೆ. ಅದೇ ಶುಕ್ರವಾರ ನನ್ನ ಹಳೆಯ ಕೆಲಸದ ಕೊನೆಯ ದಿನ. ನನ್ನ ಕುರ್ಚಿಗೆ ಆಗಲೇ ಹೊಸಬ ಬಂದು ಕೂತಿದ್ದ. ಇತ್ತ ಈ ಕೆಲಸವೂ ಇಲ್ಲ, ಅತ್ತ ಆ ಕೆಲಸವೂ ಇಲ್ಲ, ನಡುವೆ ನಾನೇ ಇಲ್ಲ!

ಮಂಗಳವಾರ ಅರ್ಧ ದಿನ ರಜೆ ಹಾಕಿ ಏಜೆನ್ಸಿಯ ಕಚೇರಿಗೆ ಓಡಿದೆ. ತ್ಯಾಗಿ ಟಿಫಿನ್ ಡಬ್ಬಿ ಮುಚ್ಚುತ್ತಿದ್ದರು.

"ಬನ್ನಿ ನಸ್ರೀನ್ ಜೀ."

"ನಾನು ವಿನುತಾ."

"ಶನಿವಾರ ನಸ್ರೀನ್ ಆಗಿದ್ದಿರಿ."

"ಶನಿವಾರ ನನಗೆ ನಿಮ್ಮ ಮೇಲೆ ಅನುಮಾನ ಇತ್ತು."

"ಇವತ್ತು ನನಗೆ ಇದೆ." ತ್ಯಾಗಿ ಕನ್ನಡಕ ಒರೆಸಿಕೊಂಡರು. ನಾನು ಪಾಸ್‌ಪೋರ್ಟ್ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಲ್ಯಾಮಿನೇಷನ್ ಚೆನ್ನಾಗಿ ಮಾಡಿಸಿದ್ದೀರಿ."

ಇಂಥ ಮನುಷ್ಯ ನಮ್ಮ ವಿಭಾಗದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು! ಪಾಸ್‌ಪೋರ್ಟನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದೆ. ಕೊನೆಗೆ ಅವರಿಗೇ ಕನಿಕರ ಬಂತೇನೋ. "ಗುರುವಾರ ಬರ್ತೀನಿ. ಮಾಲಕಿ ಬಾಯಿಬಿಟ್ಟು ಬಾಡಿಗೆದಾರಳು ಅನ್ನಬೇಕು. ನಿಮ್ಮನ್ನು ಬಲ್ಲ ನೆರೆಯವರು ಇಬ್ಬರಾದರೂ ಹೇಳಬೇಕು. ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ."

ನನ್ನನ್ನು ಬಲ್ಲ ನೆರೆಯವರು! ಮೂರು ವರ್ಷ ಕಷ್ಟಪಟ್ಟು ಅಂಥವರು ಒಬ್ಬರೂ ಇರದಂತೆ ನೋಡಿಕೊಂಡಿದ್ದೆನಲ್ಲ!

ಆಂಟಿಯ ಮುಂದೆ ಕೈಮುಗಿದೆ. ಠಾಣೆಯ ಫಾರ್ಮನ್ನು ನಾನೇ ತುಂಬಿ ಕೊಟ್ಟು ಬರುತ್ತೇನೆ ಎಂದೆ. "ಬಾಡಿಗೆ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ ಬೇಟಾ. ಬೇಕಾದರೆ ಅಣ್ಣನ ಮಗಳು ಅಂತ ಗಂಗಾಜಲ ಮುಟ್ಟಿ ಹೇಳ್ತೀನಿ" ಎಂದರು.

ಗುರುವಾರ ತ್ಯಾಗಿ ಬಂದರು. ಗಲ್ಲಿಯ ಬಾಯಲ್ಲಿ ಇಸ್ತ್ರಿ ಮಾಡುವ ರಾಮ್‌ಅವತಾರ್ ಭಯ್ಯಾನ ಬಂಡಿಯ ಬಳಿ ನಿಂತು ನಾನು ಮಂಗಳವಾರ ಕೊಟ್ಟು ಬಂದಿದ್ದ ಫೋಟೊ ತೋರಿಸಿದರು. ನಾನು ಅವರ ಹಿಂದೆಯೇ ನಿಂತಿದ್ದೆ.

"ವಿನುತಾ ಮೇಡಂ ಅಲ್ವಾ?" ಎಂದ ಭಯ್ಯಾ. "ಮೂರು ವರ್ಷದಿಂದ ಇವರ ಬಟ್ಟೆ ನನ್ನ ಹತ್ತಿರವೇ ಬರೋದು. ಒಂದು ಸಲ ಕುರ್ತಾದ ಜೇಬಲ್ಲಿ ಹುಡುಗನ ಫೋಟೊ ಇತ್ತು. ನೋಡದೆ ಅದರ ಮೇಲೂ ಇಸ್ತ್ರಿ ಹೊಡೆದುಬಿಟ್ಟೆ. ಪಾಪ, ಏನೂ ಅನ್ನಲಿಲ್ಲ. ಆ ಹುಡುಗ ಇಷ್ಟ ಇರಲಿಲ್ಲ ಅನ್ಸುತ್ತೆ."

"ಇಷ್ಟ ಇರಲಿಲ್ಲ" ಎಂದು ಎದುರು ಕಿಟಕಿಯ ಹೆಂಗಸು ಒಪ್ಪಿಕೊಂಡಳು. ಅವಳ ಕಿಟಕಿಗೂ ನಮ್ಮ ಕಿಟಕಿಗೂ ಒಂದು ಮೊಳ ಅಂತರ. "ಭಾನುವಾರ ಅಮ್ಮನ ಹತ್ತಿರ ಫೋನಲ್ಲಿ ಜಗಳ ಆಡ್ತಾಳೆ. ಆಮೇಲೆ ಅಳ್ತಾಳೆ. ಆಮೇಲೆ ನೆಲ ಒರೆಸ್ತಾಳೆ. ಅವಳ ಭಾಷೆ ನನಗೆ ಬರಲ್ಲ. ಆದರೆ ಅಳು ಗೊತ್ತಾಗಲ್ವಾ?"

ತರಕಾರಿಯವನು ಬಂದ. ಹಾಲಿನವನು ಬಂದ. ನಾನು ಬದನೆಕಾಯಿ ತಿನ್ನುವುದಿಲ್ಲ, ಮೊಸರಿಲ್ಲದೆ ಊಟ ಮಾಡುವುದಿಲ್ಲ, ಹಲ್ಲಿ ಕಂಡರೆ ನಸ್ರೀನ್ ಬರುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತೇನೆ ಎಂಬ ಮಾಹಿತಿಗಳೆಲ್ಲ ಸಾಕ್ಷ್ಯಸಮೇತ ದಾಖಲಾದವು. ತ್ಯಾಗಿ ಹಾಳೆ ಮಗುಚುತ್ತಲೇ ಇದ್ದರು. ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಂತೋಷ್ ಆಂಟಿಗೆ ತಡೆಯಲಾಗಲಿಲ್ಲ. ತಮ್ಮ ಮನೆಯ ಹುಡುಗಿಯ ಬಗ್ಗೆ ಇಸ್ತ್ರಿಯವನಿಗೆ ತಮಗಿಂತ ಹೆಚ್ಚು ಗೊತ್ತಿರುವುದೆಂದರೇನು!

"ಏ ರಾಮ್‌ಅವತಾರ್, ನಿನಗೇನು ಗೊತ್ತು? ಮೂರು ವರ್ಷದಿಂದ ನನ್ನ ಮನೇಲಿ ಬಾಡಿಗೆಗೆ ಇದ್ದಾಳೆ! ಅವಳಿಗೆ ಜ್ವರ ಬಂದಾಗ ಕಿಚಡಿ ಮಾಡಿಕೊಟ್ಟೋಳು ನಾನು!"

ತ್ಯಾಗಿ ಪೆನ್ನು ಎತ್ತಿದರು. "ಏನಂದಿರಿ? ಬಾಡಿಗೆಗೆ?"

ಆಂಟಿ ನಾಲಿಗೆ ಕಚ್ಚಿಕೊಂಡರು. ಆದರೆ ಎಲ್ಲರೂ ನೋಡುತ್ತಿದ್ದರು. "ಹೌದು, ಬಾಡಿಗೆಗೇ. ಬರ್ಕೋ!" ಎಂದರು.

ವರದಿ ಶುಕ್ರವಾರವೇ ಡಬ್ಲಿನ್ ತಲುಪಿತು. ಎಷ್ಟು ಪುಟವಿತ್ತೋ ನಾನು ಕೇಳಲಿಲ್ಲ. "ಸಂಪೂರ್ಣ ತೃಪ್ತಿಯಾಗಿದೆ" ಎಂದು ಉತ್ತರ ಬಂತು. ಕೊನೆಯಲ್ಲಿ, ಇಲ್ಲಿಯ ಕ್ಯಾಂಟೀನಿನಲ್ಲಿ ಬದನೆಕಾಯಿ ಅಪರೂಪ ಎಂದು ಸೇರಿಸಿದ್ದರು.

ವೀಸಾ ಬರಲು ಆರು ವಾರ ಹಿಡಿಯಿತು. ಅಷ್ಟೂ ದಿನ ಕೆಲಸವಿಲ್ಲದೆ ಮುನಿರ್ಕಾದ ಜೂನ್ ಸೆಕೆಯಲ್ಲಿ ಕುಳಿತಿದ್ದೆ. ಬ್ರೆಡ್ ತರಲು ಇಳಿದರೆ ಸಾಕು, "ವಿನುತಾ ಬೇಟಾ, ವೀಸಾ ಬಂತಾ?" ಎಂದು ಇಪ್ಪತ್ತು ಜನ ಕೇಳುತ್ತಿದ್ದರು. ಇಪ್ಪತ್ತು ಜನರಿಗೂ ನಿಂತು ಉತ್ತರ ಹೇಳುತ್ತಿದ್ದೆ.

ಕೊನೆಗೆ ಪಾಸ್‌ಪೋರ್ಟ್ ಹೊತ್ತ ಕೊರಿಯರ್ ಬಂದಾಗ ನಾನು ಸ್ನಾನ ಮಾಡುತ್ತಿದ್ದೆ. ರಾಮ್‌ಅವತಾರ್ ಭಯ್ಯಾ ನನ್ನ ಪರವಾಗಿ ಸಹಿ ಹಾಕಿ ಲಕೋಟೆ ಒಡೆದ. ಕೊರಿಯರ್‌ನವನು ಅವನನ್ನು ಯಾವ ಗುರುತಿನ ಚೀಟಿಯನ್ನೂ ಕೇಳಲಿಲ್ಲ! ತರಕಾರಿಯವನು ನೋಡಿದ, ಎದುರು ಕಿಟಕಿಯವಳು ನೋಡಿದಳು, ಆಂಟಿ ಕನ್ನಡಕ ತರಿಸಿಕೊಂಡು ನೋಡಿದರು. ತಲೆ ಒರೆಸಿಕೊಳ್ಳುತ್ತ ನಾನು ಕೆಳಗೆ ಬರುವ ಹೊತ್ತಿಗೆ ಲಡ್ಡು ಕೂಡ ಹಂಚಿ ಮುಗಿದಿತ್ತು.

ನನ್ನ ವೀಸಾವನ್ನು ನೋಡಿದವರಲ್ಲಿ ನಾನು ಹನ್ನೊಂದನೆಯವಳು.