ಮಾವನ ಜೀಪಿನಲ್ಲಿ ಮಿಕ್ಕ ತುಂಡು

ಗಿಡದ ಎಲೆಯೊಂದನ್ನು ಕೈಗೆ ಕೊಟ್ಟರೆ ಸಾಕು, ಅದರ ಕುಲಗೋತ್ರವನ್ನೆಲ್ಲ ಬಿಡಿಸಿ ಹೇಳಬಲ್ಲೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಅದೇ ಅನ್ನ, ಅದೇ ಅಹಂಕಾರ. ಅಂಥ ನನ್ನ ಮಾನವನ್ನು ಗೇಣುದ್ದದ ಒಂದು ಕಬ್ಬಿಣದ ತುಂಡು ಮೂರು ಕಾಸಿಗೆ ಹರಾಜು ಹಾಕಿಬಿಟ್ಟಿತು. ಮನೆಯಲ್ಲಿ ಇದನ್ನು ಕೇಳುವ ಪುಣ್ಯಾತ್ಮರಿಲ್ಲ, ಅದಕ್ಕೇ ನಿಮ್ಮ ಹತ್ತಿರ ತೋಡಿಕೊಳ್ಳುತ್ತಿದ್ದೇನೆ.

ನನ್ನ ಮಾವ ನಂಜಯ್ಯನವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವರು. ನಿವೃತ್ತರಾದ ಮೇಲೆ ತಮಗಿಂತ ಹಳೆಯದಾದ ಒಂದು ಮಿಲಿಟರಿ ಜೀಪನ್ನು ಹರಾಜಿನಲ್ಲಿ ಹಿಡಿದು, ಕುಂಬಾರಕೊಪ್ಪಲಿನ ಮನೆಯ ಮುಂದೆ ತಂದು ನಿಲ್ಲಿಸಿದರು. ದಿನಾ ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡುವುದು, ಬೀದಿಯನ್ನೆಲ್ಲ ಎಬ್ಬಿಸುವುದು, ಆಫ್ ಮಾಡಿ ಒರೆಸುವುದು. (ಅದರಲ್ಲಿ ಎಲ್ಲಿಗಾದರೂ ಹೋಗಿದ್ದನ್ನು ನಾನಂತೂ ಕಂಡಿಲ್ಲ.) ಹೋದ ವರ್ಷ ಒಂದು ದಿನ ಎಂಜಿನ್ನಿನ ಅರ್ಧ ಭಾಗ ಬಿಚ್ಚಿ, ಸೀಮೆಎಣ್ಣೆ ತಟ್ಟೆಯಲ್ಲಿ ನೆನೆಹಾಕಿ, ಊಟಕ್ಕೆಂದು ಒಳಗೆ ಹೋದವರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಅಲ್ಲಿಂದ ಅತ್ತೆ ಮಾದೇವಮ್ಮನವರ ಮಾತು ನಿಂತೇ ಹೋಯಿತು. ಬೆಳಗಿನ ಹೊತ್ತು ಬಾಗಿಲಲ್ಲಿ ಕೂತು ಆ ಜೀಪನ್ನೇ ನೋಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ನನ್ನನ್ನು ಕರೆದರು.

"ಅಳಿಯಂದ್ರೆ, ಅದ್ರ ಸದ್ದು ಒಂದ್ಸಲ ಕೇಳಂಗ್ ಮಾಡ್ತೀರಾ? ಅದು ಕೇಳ್ದೆ ಬೆಳಗಾದಂಗೇ ಆಗಲ್ಲ ಕಣಪ್ಪ."

ಆಗಲಿ ಅತ್ತೆ ಅಂದೆ. ಜೀಪಿನ ಸುತ್ತಮುತ್ತ ಬಿದ್ದಿದ್ದ ಬಿಡಿಭಾಗಗಳನ್ನೆಲ್ಲ ಆರಿಸಿ, ಸೀಟಿನ ಕೆಳಗಿದ್ದ ಟೂಲ್ ಡಬ್ಬಿಯನ್ನೂ ಬಳಿದು, ಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ಕುವೆಂಪುನಗರದ ನಮ್ಮ ಮನೆಗೆ ಸಾಗಿಸಿದೆ. ಊಟದ ಮೇಜಿನ ಮೇಲೆ ಹರಡಿ, ಶಾಸ್ತ್ರೋಕ್ತ ವರ್ಗೀಕರಣಕ್ಕೆ ಕೂತೆ.

ನನ್ನ ಹೆಂಡತಿಯ ಹೆಸರು ಚಾಮುಂಡೇಶ್ವರಿ. (ಮಹಿಷನ ಪಾತ್ರ ಯಾರದು ಅಂತ ಬೇರೆ ಹೇಳಬೇಕಿಲ್ಲ.)

"ರೀ, ಜೀರಿಗೆ ಯಾವ್ದು ಸೋಂಪು ಯಾವ್ದು ಅಂತ ಗೊತ್ತಾಗಲ್ಲ ನಿಮ್ಗೆ. ಮಿಲಿಟರಿ ಜೀಪಿನ ಪಾರ್ಟ್ ಕಂಡ್ಹಿಡೀತೀರಾ?"

"ಜೀರಿಗೆ, ಸೋಂಪು ಎರಡೂ ಒಂದೇ ಕುಟುಂಬ ಕಣೇ."

"ಒಂದೇ ಕುಟುಂಬ ಅಂತ ಸಾರಿಗೆ ಸೋಂಪು ಒಗ್ಗರಣೆ ಹಾಕ್ಬುಟ್ರಲ್ಲ, ಅದನ್ನ ತಿಂದೋಳು ನಾನು!"

ನಾನು ಹಳೆಯ ಸೇನಾ ವಾಹನಗಳ ಅಭಿಮಾನಿಗಳ ವಾಟ್ಸಾಪ್ ಗುಂಪೊಂದಕ್ಕೆ ಸೇರಿಕೊಂಡೆ. ಅಲ್ಲಿನ ಮಹಾನುಭಾವರು ನನ್ನ ಫೋಟೋ ನೋಡಿ ಒಂದೊಂದನ್ನೇ ಗುರುತಿಸಿಕೊಟ್ಟರು. ಗ್ಯಾರೇಜಿನ ಮಹದೇವು ಒಂದೊಂದನ್ನೇ ಒಯ್ದು ಜೋಡಿಸಿದ. ಕೊನೆಗೆ ಒಂದು ತುಂಡು ಮಿಕ್ಕಿತು. ಒಂದು ತುದಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ತೂತುಗಳು, ನಡುವೆ ಸೊಟ್ಟ. ಮೇಲೊಂದು ಸವೆದ ಅಕ್ಷರ.

ಬಂದೂಕು ನಿಲ್ಲಿಸುವ ಹಿಡಿ ಎಂದರು ಒಬ್ಬರು. ವೈರ್‌ಲೆಸ್ ಕಂಬದ ಕೊಕ್ಕೆ ಎಂದರು ಇನ್ನೊಬ್ಬರು. ಪುಣೆಯ ನಿವೃತ್ತ ಕರ್ನಲ್ಲರು ಅದು ಜೀಪಿನದೇ ಅಲ್ಲ, ಟ್ಯಾಂಕಿನದು ಎಂದು ಗುಡುಗಿದರು. ಗುಂಪಿನಲ್ಲಿ ಮಹಾಯುದ್ಧವೇ ನಡೆದು, ಇಬ್ಬರು ಗುಂಪು ಬಿಟ್ಟು ಹೋದರು. ನಾನು ಮಾತ್ರ ಪಟ್ಟು ಬಿಡಲಿಲ್ಲ.

"ಸಾರ್, ಇದಿಲ್ದಿದ್ರೂ ಓಡ್ತದೆ, ಸ್ಟಾರ್ಟ್ ಮಾಡ್ಬುಡನಾ?" ಅಂದ ಮಹದೇವು.

"ಕೂಡದು! ಗುರುತು ಪತ್ತೆಯಾಗದ ಹೊರತು ಚಾಲನೆ ಇಲ್ಲ."

ವಾರಗಳು ಉರುಳಿದವು. ಒಂದು ಸಂಜೆ ಚಾಮು ನನ್ನೆದುರು ಕೂತು ಜಗಳವಾಡದೆ ಮಾತಾಡಿದಳು. ಅದಕ್ಕೇ ನನಗೆ ಭಯವಾಯಿತು.

"ಅಮ್ಮ ಊಟ ಕಮ್ಮಿ ಮಾಡ್ಬುಟ್ಟಿದಾರೆ ಕಣ್ರೀ. ನಿಮ್ ಸಂಶೋಧನೆ ಮುಗಿಯೋವರ್ಗೂ ಅವ್ರು ಇರ್ಬೇಕಲ್ಲ?"

ಅಂದವಳೇ ಅತ್ತುಬಿಟ್ಟಳು. ನನ್ನ ಪಾಂಡಿತ್ಯವೆಲ್ಲ ಜರ್ರನೆ ಇಳಿಯಿತು.

ಭಾನುವಾರ ಬೆಳಿಗ್ಗೆ ಕುಂಬಾರಕೊಪ್ಪಲಿಗೆ ಹೋದೆವು. ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ನಾನು ಸಾರಥಿಯ ಸ್ಥಾನ ಅಲಂಕರಿಸಿ, ದೇವರನ್ನು ನೆನೆದು ಸ್ಟಾರ್ಟ್ ಮಾಡಿದೆ. ಕೆಮ್ಮಿತು, ಉಗುಳಿತು, ಆಮೇಲೆ ಗುಡುಗುಡು ಎಂದು ಓಡತೊಡಗಿತು! ಮಹದೇವು ಶಿಳ್ಳೆ ಹೊಡೆದ. ನಾನು ಹೆಮ್ಮೆಯಿಂದ ಅತ್ತೆಯ ಕಡೆ ತಿರುಗಿದೆ.

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ತಲೆಯಾಡಿಸಿದರು.

"ಇದಲ್ಲ ಕಣಪ್ಪ."

"ಅದೇ ಜೀಪು ಅತ್ತೆ, ಅದೇ ಎಂಜಿನ್ನು."

"ಇರ್ಬೋದು. ಆದ್ರೆ ಅವ್ರ ಸದ್ದಲ್ಲ ಇದು." ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೊರಟರು. ನನಗೆ ಅವರ ಬೆನ್ನು ನೋಡುವುದೂ ಕಷ್ಟವಾಯಿತು.

ನಾನು ಜೇಬಿನಿಂದ ಆ ತುಂಡನ್ನು ಎತ್ತಿ, "ನೋಡಿದ್ಯಾ ಮಹದೇವು, ಇದರದೇ ಕೊರತೆ! ಬಡ್ಕೊಂಡೆ ನಾನು!" ಎಂದು ಕೂಗಿದೆ. ಅತ್ತೆ ತಿರುಗಿದರು.

"ಅಯ್ಯೋ, ಇದು ನಿಮ್ ಕೈಗೆ ಎಂಗ್ ಬಂತು?"

"ಟೂಲ್ ಡಬ್ಬಿಯಲ್ಲಿತ್ತು ಅತ್ತೆ. ಇದೇನು ಅಂತ ನಿಮಗೆ ಗೊತ್ತಾ?"

"ಏನೋ, ಎಲ್ಲೀದೋ ಅವ್ರಿಗೂ ಗೊತ್ತಿರ್ನಿಲ್ಲ. ಅದಕ್ಕೊಂದು ಹೆಸರಿಟ್ಟಿದ್ರು ಅಷ್ಟೇ."

"ಏನು ಹೆಸರು?"

"ಬುಡಿ, ಈಗ್ಯಾಕೆ."

"ಹೇಳಮ್ಮ," ಅಂದಳು ಚಾಮು.

ಅತ್ತೆ ನೆಲ ನೋಡಿದರು. "ಅಳಿಯಂದ್ರು ಅಂತಿದ್ರು."

ಮಹದೇವು ಟೈರಿನ ಗಾಳಿ ಪರೀಕ್ಷೆಗೆ ಬಗ್ಗಿದ.

"ಎಲ್ಲೂ ಕೂರಲ್ಲ, ಯಾವ ಕೆಲ್ಸಕ್ಕೂ ಬರಲ್ಲ, ಸದ್ದು ಮಾತ್ರ ಜಾಸ್ತಿ ಅಂತಿದ್ರು. ಬಿಸಾಕಿ ಅಂದ್ರೆ, ಮಗಳು ನೊಂದ್ಕೋತಾಳೆ ಅನ್ನೋರು. ತಪ್ಪು ತಿಳ್ಕೋಬ್ಯಾಡಿ ಕಣಪ್ಪ. ಸೀಟಿನ್ ಕೆಳಗ್ಲ ಡಬ್ಬೀಲಿ ಅದು ಠಣಠಣ ಅಂತಿದ್ರೇನೇ ಅವ್ರಿಗೆ ಸಮಾಧಾನ."

ಹೇಳುತ್ತ ಹೇಳುತ್ತ ನಕ್ಕರು. ಮಾವ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ನಾನು ಬಗ್ಗಿ ಆ ತುಂಡನ್ನು, ಅಂದರೆ ನನ್ನನ್ನು, ಡಬ್ಬಿಯೊಳಕ್ಕೆ ಹಾಕಿದೆ. ಜೀಪು ಅದುರಿದ ಹಾಗೆಲ್ಲ ಠಣ, ಠಣ, ಠಣ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡರು. ಆಮೇಲೆ ಸರಸರನೆ ಒಳಗೆ ಹೋದರು.

ಅವರು ಬಂದದ್ದು ಕೈಯಲ್ಲೊಂದು ಕಾಫಿ ಲೋಟ ಹಿಡಿದು. ನೇರ ಡ್ರೈವರ್ ಸೀಟಿನ ಪಕ್ಕಕ್ಕೆ ಬಂದು, ಮುಖ ನೋಡದೆ ಲೋಟ ಎತ್ತಿ ಹಿಡಿದರು.

"ತಕಳಿ, ಆರೋಗ್ತದೆ."

ಆಮೇಲೆ ತಲೆ ಎತ್ತಿದರು. ಅಲ್ಲಿ ಕೂತಿದ್ದವನು ನಾನು. ಎತ್ತಿದ ಕೈ ಹಾಗೇ ನಿಂತಿತು. ನಾನು ಬಗ್ಗಿ ಲೋಟ ಇಸಿದುಕೊಂಡೆ.

"ಸಕ್ರೆ ಹಾಕಿಲ್ಲ. ಅವ್ರಿಗೆ ಶುಗರ್ ಇತ್ತಲ್ಲ, ಹಂಗೇ ತಂದ್ಬುಟ್ಟೆ."

"ನನಗೂ ಸಕ್ಕರೆ ಬೇಡ ಅತ್ತೆ," ಅಂದೆ. ಒಂದು ಚಮಚ ಕಮ್ಮಿಯಾದರೂ ಲೋಟ ವಾಪಸು ಕಳಿಸುವ ನನ್ನನ್ನು ಬಲ್ಲ ಚಾಮು ಮುಖ ಆ ಕಡೆ ತಿರುಗಿಸಿದಳು. ಬೇವಿನ ಕಷಾಯದಂಥ ಆ ಕಾಫಿಯನ್ನು ತಳದವರೆಗೂ ಕುಡಿದು ಲೋಟ ಕೊಟ್ಟೆ.

ಅತ್ತೆ ಲೋಟದೊಳಗೆ ಇಣುಕಿ ನೋಡಿದರು.

"ಇನ್ನೊಂದ್ ಲೋಟ ತರ್ಲಾ?"

ತನ್ನಿ ಅಂದೆ.